ಟ್ಯಾಗಿಗೆ ಎಷ್ಟು ಗಂಟು? ಸಿಬ್ಬಂದಿ ಶಾಖೆಯಲ್ಲಿ ನನ್ನ ಅನುಭವ

"ಕಣ್ಣು ಕಾಣದವರಿಗೆ ಸಿಬ್ಬಂದಿ ಶಾಖೆ ಸೀಟು ಕೊಟ್ಟಿದ್ದೀಯಂತೆ, ತಲೆ ಕೆಟ್ಟಿದೆಯಾ ನಿಂಗೆ?" ಚಿತ್ರದುರ್ಗದ ಗೆಳೆಯ ಫೋನ್ ಮಾಡಿ ಹೀಗೆ ಕೇಳಿ ನಾಲ್ಕು ವರ್ಷವಾಯಿತು. ಅವನೂ ನನ್ನ ಹಾಗೆ ಇಪ್ಪತ್ತು ವರ್ಷ ನೌಕರರ ಸೇವಾ ಪುಸ್ತಕ ತಿರುವಿದವನೇ. ಆರು ತಿಂಗಳು ಆ ಸೀಟು ನಡೆದರೆ ಮಂಡಕ್ಕಿ ಮಿರ್ಚಿ ತನ್ನ ಖರ್ಚು ಅಂದಿದ್ದ. ಕಳೆದ ತಿಂಗಳು ಅವನದೇ ಫೋನ್. "ಅದೇನೋ ಗಂಟಿನ ಲೆಕ್ಕ ಅಂತಲ್ಲ, ಸ್ವಲ್ಪ ಬರೆದು ಕಳಿಸಪ್ಪ." ಮಂಡಕ್ಕಿ ಇನ್ನೂ ಬಂದಿಲ್ಲ. ಬರೆಯೋದನ್ನ ಬರೆದುಬಿಡ್ತೀನಿ.

ನಾನು ದಾವಣಗೆರೆಯ ಒಂದು ಜಿಲ್ಲಾ ಮಟ್ಟದ ಕಚೇರಿಯಲ್ಲಿ ಅಧೀಕ್ಷಕ. ರೋಸ್ಟರ್, ಅಂದರೆ ಯಾವ ಹುದ್ದೆ ಯಾವ ಮೀಸಲಿಗೆ ಅನ್ನುವ ಪಟ್ಟಿ, ಬರೆಯೋದು ನನಗೆ ನೀರು ಕುಡಿದಷ್ಟು ಸಲೀಸು. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆ ಪ್ರಕಾರ ಅವರಿಗೆ ಶೇ. 4ಕ್ಕಿಂತ ಕಡಿಮೆ ಹುದ್ದೆ ಇಡುವ ಹಾಗಿಲ್ಲ, ಅದರಲ್ಲಿ ಶೇ. 1 ಅಂಧರು ಮತ್ತು ಮಂದದೃಷ್ಟಿಯವರಿಗೆ. ಪಟ್ಟಿಯ ಬಿಂದು ತುಂಬಿತು, ವರದಿ ಮೇಲಕ್ಕೆ ಹೋಯಿತು, ಅಲ್ಲಿಗೆ ನಮ್ಮ ಕೆಲಸ ಮುಗೀತು ಅಂತ ನಾವೆಲ್ಲ ಅಂದುಕೊಂಡಿರ್ತೇವೆ ಅಲ್ವಾ? ಆಮೇಲೆ ಆ ಮನುಷ್ಯನನ್ನ ಟೆಲಿಫೋನ್ ಪಕ್ಕ ಕೂರಿಸ್ತೇವೆ. ನಮ್ಮಲ್ಲಿ ಟೆಲಿಫೋನೇ ಸತ್ತು ಎರಡು ವರ್ಷವಾಗಿತ್ತು.

ಬಂದವರು ಎಫ್‌ಡಿಎ, ಅಂದರೆ ಪ್ರಥಮ ದರ್ಜೆ ಸಹಾಯಕರು, ಮೂವತ್ತರ ಆಸುಪಾಸು, ಹರಿಹರದಿಂದ ದಿನಾ ಬಸ್ಸಿನಲ್ಲಿ ಓಡಾಟ. ಮೊದಲು ಶಾಲೆಯಲ್ಲಿ ಪಾಠ ಹೇಳುತ್ತಿದ್ದರು, ಹಾಗಾಗಿ ಎಲ್ಲರಿಗೂ ಮೇಷ್ಟ್ರು. ಮೂರನೇ ದಿನ ನನ್ನ ಮೇಜಿನ ಹತ್ತಿರ ಬಂದು ನಿಂತರು. "ಸರ್, ಸುಮ್ನೆ ಕೂರಿಸಿ ಸಂಬಳ ಕೊಡಬ್ಯಾಡ್ರಿ. ಫೈಲ್ ಕೊಡ್ರಿ."

ಮೊದಲು ಮಾಡಿದ ತಪ್ಪು ನನ್ನದೇ. ಟಪಾಲು ಸೀಟು ಕೊಟ್ಟೆ. ಹಗುರ ಕೆಲಸ ಅಂತ ನನ್ನ ಲೆಕ್ಕ. ಬರೋದೆಲ್ಲ ಕಾಗದ, ಅರ್ಧ ಕೈಬರಹ. ಹತ್ತು ದಿನಕ್ಕೆ ನಿಂತುಹೋಯಿತು. "ನೋಡಿದ್ರಾ, ಹೇಳಿರಲಿಲ್ವಾ" ಅಂದವರು ಐದಾರು ಜನ. ಅವರಿಗಿಂತ ನನಗೇ ಜಾಸ್ತಿ ಸಿಟ್ಟು ಬಂತು. ರಜೆ ಮತ್ತು ವೇತನ ಬಡ್ತಿ ಕಡತಗಳನ್ನ ಕೊಡೋಣ ಅಂತ ಆಗಲೇ ತೀರ್ಮಾನ ಮಾಡಿದೆ. ಗಳಿಕೆ ರಜೆ ಜನವರಿ 1ಕ್ಕೆ 15, ಜುಲೈ 1ಕ್ಕೆ 15 ಜಮಾ. ನಿಯಮ ಒಂದೇ, ಲೆಕ್ಕ ಒಂದೇ, ಎಕ್ಸೆಲ್‌ನಲ್ಲಿ ಕೂತುಕೊಳ್ಳುತ್ತೆ. ಬಾಣದ ಕೀಲಿ ಒತ್ತುತ್ತ ಒಂದೊಂದು ಮನೆಯನ್ನೂ ಕೇಳಿಸಿಕೊಂಡು ಹೋಗಬಹುದು.

ಪರದೆಯ ಮೇಲಿನ ಅಕ್ಷರವನ್ನ ದನಿಯಲ್ಲಿ ಓದಿ ಹೇಳುವ ತಂತ್ರಾಂಶಕ್ಕೆ ಕೊಟೇಷನ್ ತರಿಸಿದೆ. ಜಾಸ್ ಅಂತ ಒಂದಿದೆ. ಅರವತ್ತು ಸಾವಿರದ ಮೇಲೆ ಬಂತು ಅಂತ ನೆನಪು. ಲೆಕ್ಕ ಶಾಖೆಯವರು ಆ ಹಾಳೆಯನ್ನ ಮುಟ್ಟಲೂ ಇಲ್ಲ, ಯಾವ ಲೆಕ್ಕ ಶೀರ್ಷಿಕೆಗೆ ಹಾಕ್ತೀರಿ ಅಂದರು. ಮೇಷ್ಟ್ರೇ ನಕ್ಕು, "ಸರ್, ಎನ್‌ವಿಡಿಎ ಪುಕ್ಕಟೆ ಸಿಗುತ್ತೆ, ನಾನು ಅದನ್ನೇ ಬಳಸೋದು" ಅಂದರು. ಕೇಳದೇ ಕೊಟೇಷನ್ ತರಿಸಿದ್ದು ನನ್ನ ದಡ್ಡತನ. ಆಸ್ಟ್ರೇಲಿಯಾದ ಇಬ್ಬರು ಅಂಧರು ಶುರು ಮಾಡಿದ ತಂತ್ರಾಂಶ ಅದು, ಕನ್ನಡವನ್ನೂ ಓದುತ್ತೆ.

ಓದುತ್ತೆ, ಆದರೆ ನಮ್ಮ ಕಚೇರಿಯ ಕನ್ನಡವನ್ನಲ್ಲ! ಹಾಕಿದ ಮೊದಲ ದಿನ ಒಂದು ಸುತ್ತೋಲೆ ತೆರೆದೆವು. "ಕನ್ನಡ" ಅನ್ನುವ ಪದ ಬಂದಾಗ ಅದು "ಪಿ, ಎ, ಪೌಂಡ್, ಎ" ಅಂತ ಶುರು ಮಾಡಿ "ಕ್ಯೂ" ತನಕ ಹೋಯಿತು. ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಮಾಡಿದ ನಮ್ಮ ಹಳೇ ಫೈಲುಗಳೆಲ್ಲ ಒಳಗೆ ಇಂಗ್ಲಿಷ್ ಅಕ್ಷರಗಳೇ. ಕಣ್ಣಿಗೆ ಮಾತ್ರ ಕನ್ನಡ. ಇಷ್ಟು ವರ್ಷ ಟೈಪ್ ಮಾಡಿಸಿದ ನನಗೇ ಇದು ಗೊತ್ತಿರಲಿಲ್ಲ.

ಇಲ್ಲಿ ದುಡ್ಡು ಕಳೆದುಕೊಂಡೆ. ಮುಖ್ಯವಾದ ಸುತ್ತೋಲೆ, ಆದೇಶಗಳು ಒಂಬೈನೂರು ಪುಟ ಇರಬಹುದು. ಒಂದು ಡಿಟಿಪಿ ಅಂಗಡಿಗೆ ಕೊಟ್ಟು, ಒಳಗೂ ಕನ್ನಡ ಅಕ್ಷರವೇ ಇರುವ ಯೂನಿಕೋಡ್‌ನಲ್ಲಿ ಮಾಡಿಕೊಡಪ್ಪ ಅಂದೆ. ಪುಟಕ್ಕೆ ಮೂರು ರೂಪಾಯಿ. ಎರಡು ವಾರಕ್ಕೆ ಪೆನ್‌ಡ್ರೈವ್ ಬಂತು, ಎರಡು ಸಾವಿರದ ಏಳುನೂರು ಎಣಿಸಿ ಕೊಟ್ಟೆ, ಅದೂ ಸ್ವಂತ ಜೇಬಿನಿಂದ. ಮೇಷ್ಟ್ರು ಹೆಡ್‌ಫೋನ್ ಹಾಕಿಕೊಂಡು ಒಂದು ನಿಮಿಷ ಸುಮ್ಮನಿದ್ದು, "ಸರ್, ಮತ್ತೆ ಪೌಂಡು" ಅಂದರು. ಹುಡುಗ ಫೈಲಿನ ಹೆಸರಿಗೆ ಮಾತ್ರ ಯೂನಿಕೋಡ್ ಅಂತ ಸೇರಿಸಿದ್ದ.

ಕೊನೆಗೆ ನುಡಿಯ ಅಕ್ಷರವನ್ನ ಯೂನಿಕೋಡ್ ಮಾಡುವ ಪರಿವರ್ತಕ ಇಟ್ಟುಕೊಂಡು ನಾವೇ ಕೂತೆವು. ಅದೂ ಸಲೀಸಲ್ಲ. ನಡುವೆ ಬರುವ ಇಂಗ್ಲಿಷ್ ಪದಗಳನ್ನೂ ಅದು ಕನ್ನಡ ಮಾಡಿಬಿಡುತ್ತೆ. ಇಂಗ್ಲಿಷ್‌ನಲ್ಲಿ ಡಿಎ ಅಂತ ಇದ್ದದ್ದೆಲ್ಲ "ಆಂ" ಆಯಿತು, ಎಫ್‌ಡಿಎ "ಈಆಂ" ಆಯಿತು. ತುಟ್ಟಿಭತ್ಯೆ ಆದೇಶವೊಂದು ಪೂರ್ತಿ ಆಂ ಆಂ ಅಂತ ನರಳಿತು. ಅವತ್ತಿನಿಂದ ಮೇಷ್ಟ್ರು ತಮ್ಮನ್ನ ತಾವೇ "ನಾನು ಈಆಂ" ಅಂತ ಪರಿಚಯ ಮಾಡಿಕೊಳ್ತಾರೆ. ಇಂಗ್ಲಿಷ್ ಪದ ಮುಟ್ಟದೆ, ಒತ್ತಕ್ಷರ ಮುರಿಯದೆ ಬದಲಾಯಿಸೋಕೆ ಒಂದು ಮ್ಯಾಕ್ರೋ, ಅಂದರೆ ತಾನಾಗಿ ಕೆಲಸ ಮಾಡುವ ಸಣ್ಣ ಆಜ್ಞಾಪಟ್ಟಿ, ಬರೆದಿದ್ದೇನೆ. ಅದನ್ನ ಇಲ್ಲಿ ಹೇಳೋದಿಲ್ಲ. ಬಾಕಿ ಮಂಡಕ್ಕಿ ಮೊದಲು ಬರಲಿ.

ಸಣ್ಣಪುಟ್ಟದ್ದು ಬಹಳ ಇತ್ತು. ಎರಡೂ ಕಿವಿ ಮುಚ್ಚುವ ಹೆಡ್‌ಫೋನ್ ಹಾಕಿದರೆ ಕರೆದವರ ದನಿ ಕೇಳಿಸೋದಿಲ್ಲ, ಜನ ದುರಹಂಕಾರ ಅಂದುಕೊಂಡರು. ಒಂದೇ ಕಿವಿಯದು ತಂದೆ, ಸಾವಿರದ ನೂರೋ ಏನೋ. ಕಚೇರಿಯ ಚಿಲ್ಲರೆ ಖರ್ಚಿನ ಸಾದಿಲ್ವಾರಿನಲ್ಲಿ ಹಾಕೋಣ ಅಂದರೆ, ಆಡಿಟ್‌ನವರು ಹೆಡ್‌ಫೋನ್ ಯಾಕೆ ಅಂತ ಕೇಳಿದರೆ ಏನು ಹೇಳ್ತೀರಿ ಅಂತ ಪ್ರಶ್ನೆ. ವಿಕಲಚೇತನ ನೌಕರರಿಗೆ ಬೇಕಾದ ಅನುಕೂಲವನ್ನ ಕಚೇರಿಯೇ ಮಾಡಿಕೊಡಬೇಕು ಅನ್ನುವ, 2016ರ ಕಾಯ್ದೆಯ ಸೆಕ್ಷನ್ 20 ಬರೆದು ಟಿಪ್ಪಣಿ ಹಾಕಿದೆ. ಸಾಹೇಬರು ಸಹಿ ಮಾಡಿದರು. ಆ ಸೆಕ್ಷನ್ ಗೊತ್ತಿದ್ದರೆ ಅರ್ಧ ಜಗಳ ಇಲ್ಲ. ಎಕ್ಸೆಲ್‌ನಲ್ಲಿ ಬಾಕಿ ಇದ್ದವರಿಗೆ ಕೆಂಪು ಬಣ್ಣ ಹಚ್ಚುವ ಚಟ ನನಗೆ. ಕೆಂಪು ಅವರ ಕಿವಿಗೆ ಬೀಳೋದಿಲ್ಲ. ಪಕ್ಕದಲ್ಲಿ "ಬಾಕಿ" ಅಂತ ಒಂದು ಕಾಲಂ ಸೇರಿಸಿದೆ, ಮುಗೀತು.

ಈಗ ಗಂಟಿನ ವಿಷಯ. ಕಡತ ಗುರುತು ಹಿಡಿಯೋದು ಹೇಗೆ? ಮೇಜಿನ ಮೇಲೆ ಕಡತದ ಹಾಳೆ ಪೋಣಿಸುವ ದಾರ, ಅದೇ ಟ್ಯಾಗ್, ಬಿದ್ದಿತ್ತು, ಕೈ ಸುಮ್ಮನಿರದೆ ಗಂಟು ಹಾಕುತ್ತ ಕೂತಿದ್ದೆ. ಆಗ ಹೊಳೀತು. ರಜೆ ಕಡತಕ್ಕೆ ಒಂದು ಗಂಟು, ವೇತನ ಬಡ್ತಿಗೆ ಎರಡು, ವೈದ್ಯಕೀಯ ಮರುಪಾವತಿಗೆ ಮೂರು. ಟ್ಯಾಗಿನ ಹೊರಗೆ ಉಳಿಯುವ ತುದಿಗೆ ಹಾಕಬೇಕು, ಲೋಹದ ಕಡ್ಡಿಗೆ ತೀರಾ ಹತ್ತಿರ ಬೇಡ, ಹಾಳೆ ಪೋಣಿಸುವಾಗ ಸಿಕ್ಕಿಕೊಳ್ಳುತ್ತೆ. ಮೇಷ್ಟ್ರು ಹೆಬ್ಬೆರಳಲ್ಲಿ ಒಮ್ಮೆ ಸವರಿ ರ‍್ಯಾಕಿನಿಂದ ಎಳೀತಾರೆ, ನಾನು ಕನ್ನಡಕ ಹುಡುಕುವಷ್ಟರಲ್ಲಿ. ಕಚೇರಿ ಮೊಹರು ತಲೆಕೆಳಗಾಗದ ಹಾಗೆ ಅದರ ಹಿಡಿಗೂ ಬ್ಲೇಡಿನಿಂದ ಒಂದು ಕಚ್ಚು ಹಾಕಿದೆವು. ಕಣ್ಣು ಕಾಣುವ ನಮ್ಮ ಮೊಹರುಗಳೂ ಆಮೇಲೆಯೇ ನೆಟ್ಟಗಾದವು.

ಇದಕ್ಕೂ ಗ್ರಹಚಾರ ಕಾದಿತ್ತು. ವಾರ್ಷಿಕ ತಪಾಸಣೆ ಬಂತು. ಕಡತ ಚೆಂದ ಕಾಣಲಿ ಅಂತ ನಮ್ಮ ಅಟೆಂಡರ್ ಅಕ್ಕ ರಾತ್ರಿ ಕೂತು ಇನ್ನೂರಕ್ಕೂ ಹೆಚ್ಚು ಕಡತಕ್ಕೆ ಹೊಸ ಟ್ಯಾಗ್ ಪೋಣಿಸಿಬಿಟ್ಟಿದ್ದಳು. ಬೆಳಗ್ಗೆ ಮೇಷ್ಟ್ರು ರ‍್ಯಾಕಿಗೆ ಕೈ ಹಾಕಿ ನಿಂತೇ ಇದ್ದರು. "ಎಲ್ಲಾ ಬೋಳು ಸರ್." ಅಕ್ಕ ಅತ್ತಳು. ಎರಡು ದಿನ ಮತ್ತೆ ಗಂಟು ಹಾಕಿದ್ದೂ ಅವಳೇ.

ಹಳೇ ಸೇವಾ ಪುಸ್ತಕ ಕೈಬರಹ. ಫೋನಿನಲ್ಲಿ ಫೋಟೋ ಹೊಡೆದು ಅಕ್ಷರ ಮಾಡಿಸುವ ಪ್ರಯೋಗ ತಿಂಗಳುಗಟ್ಟಲೆ ಮಾಡಿದೆ, ನೀಲಿ ಶಾಯಿ, ಹಸಿರು ಶಾಯಿ ಎಲ್ಲ ಸೋತಿತು. ಅಚ್ಚಿನ ಹಾಳೆ ಪರವಾಗಿಲ್ಲ, ಝೆರಾಕ್ಸಿನ ಝೆರಾಕ್ಸ್ ಆದರೆ ಅದೂ ಇಲ್ಲ. ಕೊನೆಗೆ ಅಕ್ಕ ಓದೋದು, ಮೇಷ್ಟ್ರು ಟೈಪ್ ಮಾಡೋದು, ಊಟವಾದ ಮೇಲೆ ಒಂದು ಗಂಟೆ. ಒಂದು ದಿನ ತನ್ನದೇ ಪುಸ್ತಕ ಓದುತ್ತಿದ್ದಳು. ಮೇಷ್ಟ್ರು ಕೈ ನಿಲ್ಲಿಸಿ, "ಅಕ್ಕಾರೆ, ನಿಮಗೆ 20 ವರ್ಷದ ವೇತನ ಬಡ್ತಿ ಆಗೇ ಇಲ್ವಲ್ರಿ" ಅಂದರು. ಮೂರು ವರ್ಷ ತಡ. ಅಷ್ಟು ವರ್ಷ ಆ ಪುಸ್ತಕಕ್ಕೆ ಸಹಿ ಹಾಕಿದವನು ನಾನೇ. ಬಾಕಿ ಬಿಲ್ ಆದ ದಿನ ಅವಳು ಶಾಖೆಗೆಲ್ಲ ಖಾರಾ ಬೂಂದಿ ಕೊಡಿಸಿದಳು, ನನಗೆ ಕೊಡುವಾಗ ಮಾತ್ರ ಮುಖ ನೋಡಲಿಲ್ಲ.

ಮೇಷ್ಟ್ರು ಸೀಟಿಗೆ ಬಂದಾಗ ರಜೆ ಕಡತ ನೂರಾ ನಲವತ್ತರ ಹತ್ತಿರ ಬಾಕಿ ಇತ್ತು. ಎಂಟು ತಿಂಗಳಿಗೆ ಹತ್ತು ಹನ್ನೆರಡಕ್ಕೆ ಇಳೀತು. ಕಚೇರಿಗೆ ಬಿದ್ದ ಖರ್ಚು ನಾಲ್ಕು ಸಾವಿರ ಒಳಗೇ. ನನ್ನ ಜೇಬಿನದು ಕೇಳಬೇಡಿ, ಮನೆಯವಳು ಓದ್ತಾಳೆ. ಬಗೆಹರಿಯದ್ದೂ ಇದೆ. ಲಾಗಿನ್ ಮಾಡುವಾಗ ಬರುವ ಸೊಟ್ಟ ಅಕ್ಷರಗಳ ಚಿತ್ರವನ್ನ ಇವತ್ತಿಗೂ ಪಕ್ಕದವರೇ ಓದಿ ಹೇಳಬೇಕು. ತಾಲೂಕಿನವರು ಸರ್ಕಾರಿ ಕಡತಗಳ ಆನ್‌ಲೈನ್ ವ್ಯವಸ್ಥೆಯಾದ ಇ-ಆಫೀಸ್‌ಗೆ ಹಾಕೋದು ಬರೀ ಹಾಳೆಯ ಫೋಟೋ, ಎನ್‌ವಿಡಿಎಗೆ ಅದು ಖಾಲಿ ಪುಟ.

2021ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ. 1 ಮೀಸಲಾತಿ ಬಂದಾಗಲೂ ನಾನು ರಿಜಿಸ್ಟರಿಗೆ ಒಂದು ಕಾಲಂ ಗೆರೆ ಹೊಡೆದು ಸುಮ್ಮನಾಗಿದ್ದೆ. ನಾಳೆ ಒಬ್ಬರು ಬಂದರೆ ಯಾವ ಶೌಚಾಲಯದ ಬೀಗದ ಕೈ ಕೊಡಬೇಕು ಅಂತ ಯೋಚನೆಯೇ ಬಂದಿರಲಿಲ್ಲ. ಈಗ ಅದಕ್ಕೊಂದು ಕಡತ ತೆರೆದಿದ್ದೇನೆ. ಟ್ಯಾಗಿಗೆ ನಾಲ್ಕು ಗಂಟು.

ಸೋಮವಾರ ಹೊಸ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಒಬ್ಬರು ವರದಿ ಮಾಡಿಕೊಳ್ತಿದ್ದಾರೆ. ಅವರಿಗೆ ಕಿವಿ ಕೇಳಿಸೋದಿಲ್ಲ. ಮೇಷ್ಟ್ರು ಈಗಲೇ ತಲೆ ಕೆರೆದುಕೊಳ್ತಿದ್ದಾರೆ, ಇವರು ಹೇಳಿದ್ದು ಅವರಿಗೆ ಕೇಳಿಸಲ್ಲ, ಅವರು ಸನ್ನೆ ಮಾಡಿದ್ದು ಇವರಿಗೆ ಕಾಣಿಸಲ್ಲ, ಮೇಜು ಅಕ್ಕಪಕ್ಕ. ಸದ್ಯಕ್ಕೆ ಇಬ್ಬರ ಕಂಪ್ಯೂಟರಿಗೂ ಒಂದು ಚಾಟ್ ಕಿಟಕಿ ಹಾಕಿಟ್ಟಿದ್ದೇನೆ. ಯೂನಿಕೋಡ್‌ನಲ್ಲೇ.