ಒಂದು ಕೆರೆ, ಒಂದು ಬಸ್ಸು: ಹೋರಾಟಗಳನ್ನು ಹೋಲಿಸಿ ಪಾಠ ಮಾಡೋದು ಹೇಗೆ

ಮೊದಲೆಲ್ಲ ನಾನು ಬೋರ್ಡಿನ ಒಂದು ಕಡೆ ಗಾಂಧಿ, ಇನ್ನೊಂದು ಕಡೆ ಮಾರ್ಟಿನ್ ಲೂಥರ್ ಕಿಂಗ್ ಅಂತ ಬರೆಯುತ್ತಿದ್ದೆ. ಮಕ್ಕಳು ‘ಇಬ್ಬರೂ ಅಹಿಂಸಾವಾದಿಗಳು’ ಅಂತ ಗೀಚಿ ನೋಟ್ಸ್ ಮುಚ್ಚುತ್ತಿದ್ದರು. ಈಗ ಹೆಸರು ಬಿಟ್ಟು ಎರಡು ವಸ್ತು ಹಿಡಿಯುತ್ತೇನೆ.

ಮಹಾರಾಷ್ಟ್ರದ ಮಹಾಡದ ಚವದಾರ್ ಕೆರೆ, 1927ರ ಮಾರ್ಚ್ 20: ಅಂಬೇಡ್ಕರ್ ಜೊತೆ ದಲಿತರು ಅಲ್ಲಿ ನೀರು ಕುಡಿದ ದಿನ. ಅಮೆರಿಕದ ಮಾಂಟ್‌ಗೊಮರಿಯ ಬಸ್ಸು, 1955ರ ಡಿಸೆಂಬರ್ 1: ಬಿಳಿಯರಿಗೆ ಸೀಟು ಬಿಟ್ಟುಕೊಡದ ರೋಸಾ ಪಾರ್ಕ್ಸ್ ಎಂಬ ಕರಿಯ ಮಹಿಳೆಯನ್ನು ಬಂಧಿಸಿದ ದಿನ. ತಾರೀಖು ಅಷ್ಟು ಸಾಕು. ಆಮೇಲೆ ಒಂದೇ ಪ್ರಶ್ನೆ ಕೇಳಿ: ತಡೆದದ್ದು ಕಾನೂನೋ, ಜನರೋ?

ಇಲ್ಲೇ ಚರ್ಚೆ ಕಾವೇರುತ್ತದೆ. ಮಾಂಟ್‌ಗೊಮರಿಯಲ್ಲಿ ಕರಿಯರಿಗೆ ಬೇರೆ ಸೀಟು ಅನ್ನೋದು ಕಾನೂನಲ್ಲೇ ಇತ್ತು. ಅದನ್ನು ವಿರೋಧಿಸಿ ಅವರು 381 ದಿನ ಬಸ್ಸು ಹತ್ತಲಿಲ್ಲ. ಕೊನೆಗೆ ಸುಪ್ರೀಂ ಕೋರ್ಟು ಆ ಕಾನೂನನ್ನೇ ತೆಗೆದುಹಾಕಿತು. ಮಹಾಡದಲ್ಲಿ ಉಲ್ಟಾ. ಕೆರೆ ಎಲ್ಲರಿಗೂ ಸೇರಿದ್ದು ಅಂತ ಪುರಸಭೆ 1924ರಲ್ಲೇ ಠರಾವು ಮಾಡಿತ್ತು. ಆದರೂ ಅಂಬೇಡ್ಕರ್ ಜೊತೆ ನೀರು ಕುಡಿದವರಿಗೆ ಏಟು ಬಿತ್ತು. ಸವರ್ಣೀಯರು 108 ಮಡಕೆಗಳಲ್ಲಿ ಸಗಣಿ, ಗಂಜಲ, ಹಾಲು, ಮೊಸರು ಬೆರೆಸಿ ಸುರಿದು ಕೆರೆಯನ್ನು ‘ಶುದ್ಧ’ ಮಾಡಿದರು.

ಮಡಕೆ ಮಾತು ಬಂದಾಗ ತರಗತಿ ಸುಮ್ಮನಾಗುತ್ತದೆ. ಆಗ ಸುಮ್ನೆ ಮಾತು ತುಂಬಬೇಡಿ, ಸ್ವಲ್ಪ ಹೊತ್ತು ಬಿಡಿ.

ಇನ್ನೊಂದು, ‘ನಿಮ್ಮೂರಲ್ಲಿ ಹೇಗೆ?’ ಅಂತ ಯಾವ ಮಗುವನ್ನೂ ಎಬ್ಬಿಸಿ ಕೇಳಬೇಡಿ. ಎಲ್ಲರೆದುರು ಜಾತಿ ಹೇಳಿಸಿದ ಹಾಗಾಗುತ್ತದೆ, ಅಲ್ವಾ? ಹೆಸರಿಲ್ಲದ ಚೀಟಿಯಲ್ಲಿ ಬರೆಸಿ.