ಹೊಳೆಗೆ ಜೆಟ್ಟಿ ಇಳಿಸುವ ಮುನ್ನ ಉಬ್ಬರದ ಗೆರೆ ನೋಡಿ

ಪರಿಚಯದವರೊಬ್ಬರು ಸೀತಾನದಿಯ ದಂಡೆಯ ತೋಟದಲ್ಲಿ ಹೋಂಸ್ಟೇ ಶುರು ಮಾಡಿದರು. ಬಂದ ಅತಿಥಿಗಳನ್ನು ದೋಣಿಯಲ್ಲಿ ಕೂರಿಸಿಕೊಂಡು ಹೋಗಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ತೋರಿಸಬೇಕೆಂಬ ಆಸೆ. ಆದರೆ ಇಳಿತದ ಹೊತ್ತಿಗೆ ದೋಣಿ ಹತ್ತಲು ಹೋದವರ ಕಾಲು ಮೊಣಕಾಲವರೆಗೆ ಕೆಸರಲ್ಲಿ ಹೂತು, ಚಪ್ಪಲಿ ಅಲ್ಲೇ ಉಳಿಯುತ್ತಿತ್ತು. ಸರಿ, ಎರಡು ಟೆಂಪೊ ಕೆಂಪುಕಲ್ಲು ತರಿಸಿ ನೀರಿಗೆ ಹಾಕಿಸಿಯೇ ಬಿಟ್ಟರು. ಮೂರನೇ ವಾರಕ್ಕೆ ನೋಟಿಸು ಬಂತು. ‘ನನ್ನ ಜಾಗ, ನನ್ನ ಕಲ್ಲು, ಇವರದ್ದೇನು?’ ಎಂದು ಫೋನ್ ಮಾಡಿದರು. ಕಲ್ಲು ಅವರದೇ ಹೌದು. ಜಾಗ ಮಾತ್ರ ಅವರದಲ್ಲ.

ದೋಣಿ ಹತ್ತಲು ನೀರಿಗೆ ಚಾಚಿಕೊಂಡ ಜೆಟ್ಟಿ, ದೋಣಿ ನಿಲ್ಲುವ ದಕ್ಕೆ, ದಂಡೆಯ ತಡೆಗೋಡೆ, ದೋಣಿ ಎಳೆಯುವ ಇಳಿಜಾರು, ಹೀಗೆ ನೀರು ಮತ್ತು ನೆಲ ಸೇರುವ ಕಡೆ ಏನು ಮಾಡಬೇಕೆಂದರೂ ಕಚೇರಿಗಳ ಹೆಸರು ಕೇಳಿಯೇ ಜನ ಸುಸ್ತಾಗುತ್ತಾರೆ. ನಾನು ಕಂಡಂತೆ ಹೆಚ್ಚಿನ ಅರ್ಜಿಗಳು ಬೀಳುವುದು ಕಚೇರಿಯಲ್ಲಲ್ಲ, ದಂಡೆಯಲ್ಲೇ. ಉಬ್ಬರದ ಗೆರೆ ಎಲ್ಲಿದೆ ಎಂದು ನೋಡದೆ ನಕ್ಷೆ ಬರೆಸುತ್ತಾರೆ, ಇನ್ನು ಕೆಲವರು ನಕ್ಷೆಯೂ ಇಲ್ಲದೆ ಕಲ್ಲು ಇಳಿಸುತ್ತಾರೆ. ಆದ್ದರಿಂದ ಈ ಲೇಖನವೂ ಅರ್ಜಿ ನಮೂನೆಯಿಂದ ಶುರುವಾಗುವುದಿಲ್ಲ.

ಮೊದಲು ಗೂಟ, ಆಮೇಲೆ ನಕ್ಷೆ

ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಸುಪಾಸಿನ ಒಂದು ದಿನ ದಂಡೆಗೆ ಹೋಗಿ ನಿಲ್ಲಿ. ಉಬ್ಬರ ತುದಿ ಮುಟ್ಟಿದಾಗ ನೀರು ಎಲ್ಲಿಯವರೆಗೆ ಬಂತೋ ಅಲ್ಲೊಂದು ಗೂಟ ಹೊಡೆಯಿರಿ. ಸುಮಾರು ಆರು ತಾಸು ಬಿಟ್ಟು, ಇಳಿತದ ಕೊನೆಗೆ ಇನ್ನೊಂದು. ನಮ್ಮ ಕರಾವಳಿಯಲ್ಲಿ ಎರಡರ ನಡುವಿನ ಎತ್ತರದ ವ್ಯತ್ಯಾಸ ಮಂಗಳೂರಿನ ಕಡೆಗಿಂತ ಕಾರವಾರದ ಕಡೆಗೆ ಹೆಚ್ಚು. ಆದರೆ ಎತ್ತರಕ್ಕಿಂತ ಅಗಲ ನೋಡಬೇಕು. ದಂಡೆ ಚಪ್ಪಟೆಯಾಗಿದ್ದರೆ ಒಂದು ಮೀಟರ್ ನೀರು ಇಳಿದಾಗ ಇಪ್ಪತ್ತು ಮೀಟರ್ ಕೆಸರು ಬಯಲಾಗುತ್ತದೆ. ನಿಮ್ಮ ಜೆಟ್ಟಿ ಅಷ್ಟೂ ದಾಟಬೇಕೋ, ಉಬ್ಬರದ ಹೊತ್ತಿಗಷ್ಟೇ ದೋಣಿ ಬಿಟ್ಟರೆ ಸಾಕೋ? ಇದಕ್ಕೆ ಉತ್ತರ ಸಿಕ್ಕರೆ ಜೆಟ್ಟಿಯ ಉದ್ದ, ಖರ್ಚು, ಅನುಮತಿಯ ಕಷ್ಟ ಮೂರೂ ಒಟ್ಟಿಗೆ ಗೊತ್ತಾಗುತ್ತವೆ.

ಈ ಗೂಟಗಳು ಕಾನೂನಿನ ಗೆರೆಯಲ್ಲ, ನಿಮ್ಮ ತಿಳಿವಳಿಕೆಗೆ ಮಾತ್ರ. ಕಾನೂನಿನ ಉಬ್ಬರ ರೇಖೆಯನ್ನು ಗುರುತಿಸಿರುವುದು ಚೆನ್ನೈನಲ್ಲಿರುವ ರಾಷ್ಟ್ರೀಯ ಸುಸ್ಥಿರ ಕರಾವಳಿ ನಿರ್ವಹಣಾ ಕೇಂದ್ರ. ಅದರ ಆಧಾರದ ಮೇಲೆ ತಯಾರಾದ ಕರಾವಳಿ ವಲಯ ನಿರ್ವಹಣಾ ಯೋಜನೆಯ ನಕ್ಷೆಗಳಲ್ಲಿ ನಿಮ್ಮ ಸರ್ವೆ ನಂಬರ್ ಎಲ್ಲಿ ಬೀಳುತ್ತದೆ ಎಂದು ನೋಡಬಹುದು. ಮಂಗಳೂರು, ಉಡುಪಿ, ಕಾರವಾರದಲ್ಲಿ ಪರಿಸರ ಇಲಾಖೆಯ ಪ್ರಾದೇಶಿಕ ನಿರ್ದೇಶಕರ ಕಚೇರಿಗಳಿವೆ. ಪಹಣಿ ಮತ್ತು ಸರ್ವೆ ನಕ್ಷೆ ಹಿಡಿದು ಅಲ್ಲಿಗೆ ಹೋಗಿ, ‘ನನ್ನ ಜಾಗ ಯಾವ ವಲಯ?’ ಎಂದು ಕೇಳುವುದೇ ಮೊದಲ ಕೆಲಸವಾಗಲಿ. ಗುತ್ತಿಗೆದಾರನನ್ನು ಕಾಣುವುದು ಆಮೇಲೆ.

ನೆಲ ಯಾರದು?

ಪಹಣಿಯಲ್ಲಿ ತೋಟ ನಿಮ್ಮ ಹೆಸರಿಗಿರಬಹುದು. ಆದರೆ ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 67ನೇ ಕಲಮಿನ ಪ್ರಕಾರ ಹೊಳೆ, ತೋಡು, ಕೆರೆಗಳ ಪಾತ್ರ ಮತ್ತು ಹರಿಯುವ ನೀರು ಸರ್ಕಾರದ ಸ್ವತ್ತು. ನಿಮ್ಮ ಗಡಿಕಲ್ಲು ಎಲ್ಲಿ ಮುಗಿಯಿತು, ಹೊಳೆಯ ಪಾತ್ರ ಎಲ್ಲಿ ಶುರುವಾಯಿತು ಎಂಬುದನ್ನು ಸರ್ವೆಯವರಿಂದ ಅಳೆಯಿಸಿ ನಕ್ಷೆ ಪಡೆಯಿರಿ. ದಕ್ಷಿಣ ಕನ್ನಡ, ಉಡುಪಿ ಕಡೆ ‘ಅದು ನಮ್ಮ ಕುಮ್ಕಿ’ ಎಂಬ ಮಾತು ತಕ್ಷಣ ಬರುತ್ತದೆ. ಕುಮ್ಕಿ ಎಂದರೆ ಸರ್ಕಾರಿ ಜಾಗದ ಮೇಲಿನ ಅನುಭೋಗದ ಸವಲತ್ತು ಅಷ್ಟೇ, ಮಾಲೀಕತ್ವ ಅಲ್ಲ. ಆ ಹೆಸರಿನಲ್ಲಿ ನೀರಿಗೆ ಕಂಬ ಇಳಿಸಲು ಬರುವುದಿಲ್ಲ. ಪಾತ್ರದ ನೆಲ ಬಳಸಲು ಸರ್ಕಾರದ ಒಪ್ಪಿಗೆ ಬೇಕೇ ಬೇಕು. ಜೆಟ್ಟಿಯ ವಿಷಯದಲ್ಲಿ ಬಂದರು ಇಲಾಖೆ ಮತ್ತು ಕರ್ನಾಟಕ ಜಲಸಾರಿಗೆ ಮಂಡಳಿಯನ್ನು ಬಿಟ್ಟು ಮುಂದೆ ಹೋಗಲಾಗದು.

ಇನ್ನೊಂದು ವಿಚಾರ ಹಲವರಿಗೆ ಗೊತ್ತೇ ಇಲ್ಲ. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯಲ್ಲಿ ನಮ್ಮ ಕರಾವಳಿಯ ಕಾಳಿ, ಶರಾವತಿ, ಪಂಚಗಂಗಾವಳಿ, ಉದ್ಯಾವರ, ಗುರುಪುರ, ನೇತ್ರಾವತಿ ನದಿಗಳ ನಿರ್ದಿಷ್ಟ ಭಾಗಗಳು ರಾಷ್ಟ್ರೀಯ ಜಲಮಾರ್ಗಗಳಾಗಿ ಸೇರಿವೆ. ಅಂಥ ಭಾಗದಲ್ಲಿ ಜೆಟ್ಟಿ ಅಥವಾ ಟರ್ಮಿನಲ್ ಕಟ್ಟುವ ಖಾಸಗಿಯವರೂ ಭಾರತೀಯ ಒಳನಾಡು ಜಲಮಾರ್ಗ ಪ್ರಾಧಿಕಾರದ ನಿರಾಕ್ಷೇಪಣಾ ಪತ್ರ ಪಡೆಯಬೇಕು. ಇದಕ್ಕಾಗಿ 2025ರಲ್ಲಿ ಪ್ರತ್ಯೇಕ ನಿಯಮಾವಳಿಯೇ ಬಂದಿದೆ. ಅದರಲ್ಲಿ ಕಾಯಂ ಮತ್ತು ತಾತ್ಕಾಲಿಕ ಎಂದು ಎರಡು ಬಗೆ. ತಾತ್ಕಾಲಿಕಕ್ಕೆ ಮೊದಲು ಐದು ವರ್ಷ, ಬೇಕಿದ್ದರೆ ವಿಸ್ತರಣೆ.

ಒಂದು ಜೆಟ್ಟಿ, ಮೂರು ವಲಯ

ಈಗ ಎಲ್ಲರೂ ಹೆದರುವ ಸಿಆರ್‌ಝೆಡ್‌ಗೆ ಬರೋಣ. 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಕರಾವಳಿ ನಿಯಂತ್ರಣ ವಲಯದ (ಅದೇ ಸಿಆರ್‌ಝೆಡ್) ಅಧಿಸೂಚನೆ ಮೊದಲು ಬಂದದ್ದು 1991ರಲ್ಲಿ. 2011ರಲ್ಲಿ ಅದು ಬದಲಾಯಿತು. ಈಗಿನದು 2019ರ ಜನವರಿ 18ರದ್ದು.

ಸಮುದ್ರದ ಬದಿಯಲ್ಲಿ ಉಬ್ಬರ ರೇಖೆಯಿಂದ 500 ಮೀಟರ್‌ವರೆಗೆ ಈ ವಲಯ. ಹೊಳೆಬದಿಯ ಲೆಕ್ಕ ಬೇರೆ: ಉಬ್ಬರ ರೇಖೆಯಿಂದ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅದು. ನಿಮ್ಮ ಮನೆಯೆದುರಿನ ಹೊಳೆ 30 ಮೀಟರ್ ಅಗಲವಿದ್ದರೆ ವಲಯವೂ 30 ಮೀಟರ್. 200 ಮೀಟರ್ ಅಗಲವಿದ್ದರೆ 50. ಹೊಳೆಯಲ್ಲಿ ಎಷ್ಟು ಒಳಗಿನವರೆಗೆ ಇದು ಅನ್ವಯ ಎಂಬುದನ್ನು ಉಪ್ಪು ನಿರ್ಧರಿಸುತ್ತದೆ. ವರ್ಷದ ಅತಿ ಒಣ ಕಾಲದಲ್ಲಿ ಸಾವಿರ ಭಾಗ ನೀರಿನಲ್ಲಿ 5 ಭಾಗ ಉಪ್ಪು ಇರುವ ಜಾಗದವರೆಗೆ ಉಬ್ಬರದ ಪ್ರಭಾವ ಇದೆ ಎಂದು ಲೆಕ್ಕ. ಏಪ್ರಿಲ್–ಮೇ ತಿಂಗಳಲ್ಲಿ ಬಾವಿ ನೀರು ಉಪ್ಪಾಯಿತು ಎಂದು ಗೊಣಗುವ ಮನೆಗಳು ಬಹುತೇಕ ಈ ಗಡಿಯ ಒಳಗೇ ಇರುತ್ತವೆ.

ಜೆಟ್ಟಿಯ ತೊಡಕು ಇರುವುದು ಇಲ್ಲಿ. ಅಧಿಸೂಚನೆ ಈ ಪ್ರದೇಶವನ್ನು ಒಂದರಿಂದ ನಾಲ್ಕರವರೆಗಿನ ವಲಯಗಳಾಗಿ, ಕೆಲವನ್ನು ಮತ್ತೆ ಎ, ಬಿ ಎಂದು ವಿಂಗಡಿಸಿದೆ. ಹತ್ತು ಮೀಟರ್ ಉದ್ದದ ಸಣ್ಣ ಜೆಟ್ಟಿಯನ್ನೇ ತೆಗೆದುಕೊಳ್ಳಿ. ದಂಡೆಯ ಮೇಲಿನ ಮೆಟ್ಟಿಲು ಗ್ರಾಮೀಣ ಪ್ರದೇಶವಾದರೆ ಮೂರನೇ ವಲಯ, ಪೇಟೆಯಾದರೆ ಎರಡನೇ ವಲಯ. ನಡುವಿನ ಕಂಬಗಳು ನಿಲ್ಲುವುದು ಉಬ್ಬರ–ಇಳಿತಗಳ ನಡುವಿನ ಜಾಗದಲ್ಲಿ, ಅದು ಒಂದು-ಬಿ. ದೋಣಿ ಕಟ್ಟುವ ತುದಿ ಇರುವುದು ನೀರಿನಲ್ಲಿ, ಅದು ನಾಲ್ಕು-ಬಿ. ಮೆಟ್ಟಿಲಿಗೆ ಮಾತ್ರ ಅರ್ಜಿ ಹಾಕಿ, ಕಂಬದ ಸುದ್ದಿಯನ್ನೇ ಎತ್ತದ ಕಡತಗಳನ್ನು ನೋಡಿದ್ದೇನೆ. ಅವು ಅದೇ ದಾರಿಯಲ್ಲಿ ವಾಪಸು ಬರುತ್ತವೆ.

ಸಮಾಧಾನದ ಮಾತೂ ಇದೆ. ನೀರಿನ ಅಂಚಿನಲ್ಲೇ ಇರಬೇಕಾದ ಕೆಲಸಗಳನ್ನು ಅಧಿಸೂಚನೆ ಒಪ್ಪುತ್ತದೆ. ಬಂದರು, ಜೆಟ್ಟಿ, ದಕ್ಕೆ, ದೋಣಿ ಎಳೆಯುವ ಇಳಿಜಾರು, ಕಡಲ್ಕೊರೆತ ತಡೆಯುವ ಕಾಮಗಾರಿ ಇವೆಲ್ಲ ಆ ಪಟ್ಟಿಯಲ್ಲಿವೆ. ಒಪ್ಪದಿರುವುದು ಹೊಳೆ ತುಂಬಿಸಿ ಜಾಗ ಮಾಡಿಕೊಳ್ಳುವುದನ್ನು, ನೀರಿನ ಸಹಜ ಹರಿವಿಗೆ ಅಡ್ಡ ಹಾಕುವುದನ್ನು. ನಮ್ಮ ಪರಿಚಯದವರು ಕಂಬದ ಮೇಲೆ ಹಲಗೆ ಹಾಸಲು ಕೇಳಿದ್ದರೆ ಅದು ಜೆಟ್ಟಿ ಎನಿಸಿಕೊಳ್ಳುತ್ತಿತ್ತು. ಕಲ್ಲು ತುಂಬಿಸಿದ್ದರಿಂದ ಅದೇ ಕೆಲಸ ಹೊಳೆ ಒತ್ತುವರಿಯಾಯಿತು.

ಕಾಂಡ್ಲಾ ಇದ್ದರೆ ಮಾತ್ರ ತಡೆದು ಯೋಚಿಸಿ. ಅದು ಒಂದು-ಎ ವಲಯ, ಎಲ್ಲಕ್ಕಿಂತ ಬಿಗಿ. ಕಾಂಡ್ಲಾ 1,000 ಚದರ ಮೀಟರ್‌ಗಿಂತ ಹೆಚ್ಚು ಹಬ್ಬಿದ್ದರೆ ಸುತ್ತ 50 ಮೀಟರ್ ರಕ್ಷಣಾ ಪಟ್ಟಿಯೂ ಸೇರುತ್ತದೆ. ‘ನಾಲ್ಕು ಗಿಡ ಕಡಿದರೆ ಏನಾದೀತು’ ಎಂದು ಹೇಳಿಕೊಡುವವರು ಊರಲ್ಲಿ ಸಿಗುತ್ತಾರೆ, ಉಪಗ್ರಹ ಚಿತ್ರದಲ್ಲಿ ಆ ನಾಲ್ಕು ಗಿಡವೂ ಕಾಣುತ್ತದೆ. ಕುಮಟಾ ಕಡೆಯವರಿಗೆ ಇನ್ನೊಂದು ಸಂಗತಿ: ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ತಾಣಗಳ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ ಸೇರಿದೆ. ಅಲ್ಲಿ ಸಿಆರ್‌ಝೆಡ್ ಜತೆಗೆ ಜೌಗುಪ್ರದೇಶದ ನಿಯಮಗಳನ್ನೂ ವಿಚಾರಿಸಿಕೊಳ್ಳಬೇಕು.

ಕಡತದಲ್ಲಿ ಏನಿರಬೇಕು

ಅರ್ಜಿ ಸಲ್ಲಿಸುವುದು ಕೇಂದ್ರದ ‘ಪರಿವೇಶ್’ ಜಾಲತಾಣದಲ್ಲಿ. ಯೋಜನೆಯ ವಿವರ, ಪರಿಸರ ಪರಿಣಾಮದ ವರದಿ, ಅಪಾಯ ಮತ್ತು ವಿಪತ್ತು ನಿರ್ವಹಣೆಯ ಯೋಜನೆ, ಮಾಲಿನ್ಯ ನಿಯಂತ್ರಣ ಮಂಡಳಿಯ ನಿರಾಕ್ಷೇಪಣೆ ಎಲ್ಲ ಇರಬೇಕು. ಎಲ್ಲಕ್ಕಿಂತ ಭಾರದ ಕಾಗದ 1:4000 ಅಳತೆಯ ಸಿಆರ್‌ಝೆಡ್ ನಕ್ಷೆ. ಅದನ್ನು ಊರಿನ ಎಂಜಿನಿಯರ್ ಬರೆದರೆ ನಡೆಯುವುದಿಲ್ಲ. ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ದೂರಸಂವೇದಿ ಸಂಸ್ಥೆಯಂಥ, ಕೇಂದ್ರ ಮಾನ್ಯ ಮಾಡಿದ ಸಂಸ್ಥೆಯೇ ಮಾಡಿಕೊಡಬೇಕು. ನಿಮ್ಮ ಜೆಟ್ಟಿಯ ವಿನ್ಯಾಸವನ್ನು ಉಬ್ಬರ ಮತ್ತು ಇಳಿತದ ರೇಖೆಗಳ ಮೇಲೆ ಕೂರಿಸಿ ತೋರಿಸುವ ನಕ್ಷೆ ಅದು. ಜತೆಗೆ ಸುತ್ತಲಿನ 7 ಕಿಲೋಮೀಟರ್ ವ್ಯಾಪ್ತಿಯದ್ದೂ ಬೇಕು. ಸಣ್ಣ ಜೆಟ್ಟಿ ಕಟ್ಟುವವರಿಗೆ ಕಟ್ಟೋಣಕ್ಕಿಂತ ಈ ಕಾಗದಗಳೇ ಹೊರೆ ಎನಿಸಿದರೆ ಆಶ್ಚರ್ಯವಿಲ್ಲ. ಈ ದೂರಿನಲ್ಲಿ ನ್ಯಾಯವಿದೆ ಎಂದೇ ನನಗೂ ಅನಿಸುತ್ತದೆ. ಆರು ಜನ ಕೂರುವ ದೋಣಿಯ ಹಲಗೆಗೂ ಸರಕು ಜೆಟ್ಟಿಗೂ ಹೆಚ್ಚುಕಡಿಮೆ ಒಂದೇ ಬಗೆಯ ಕಡತ ಕೇಳುವುದು ಸರಿಯಲ್ಲ.

ಕಡತ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಕರಾವಳಿ ವಲಯ ನಿರ್ವಹಣಾ ಸಮಿತಿ ದಾಟಿ ಬೆಂಗಳೂರಿನ ರಾಜ್ಯ ಪ್ರಾಧಿಕಾರಕ್ಕೆ ಹೋಗುತ್ತದೆ. ಜಿಲ್ಲಾ ಸಮಿತಿಯಲ್ಲಿ ಮೀನುಗಾರರೂ ಸೇರಿದಂತೆ ಸ್ಥಳೀಯ ಸಮುದಾಯದವರು ಕನಿಷ್ಠ ಮೂವರು ಇರಬೇಕೆಂಬ ನಿಯಮವಿದೆ. ಹಾಗಾಗಿ ನಿಮ್ಮ ಜೆಟ್ಟಿ ಯಾರದಾದರೂ ಬಲೆ ಹಾಕುವ ಜಾಗಕ್ಕೆ ಅಡ್ಡ ಬರುತ್ತದೋ ಎಂದು ಮೊದಲೇ ಹೋಗಿ ಕೇಳಿ. ಚಹಾ ಕುಡಿಯುತ್ತ ಮುಗಿಯುವ ಮಾತು ಸಭೆಯಲ್ಲಿ ಆಕ್ಷೇಪಣೆಯಾಗಿ ದಾಖಲಾದರೆ ತಿಂಗಳುಗಟ್ಟಲೆ ಎಳೆಯುತ್ತದೆ. ಪೂರ್ಣ ದಾಖಲೆ ಸಿಕ್ಕ 60 ದಿನದೊಳಗೆ ರಾಜ್ಯ ಪ್ರಾಧಿಕಾರ ಶಿಫಾರಸು ಮಾಡಬೇಕು ಎನ್ನುತ್ತದೆ ಅಧಿಸೂಚನೆ. ಆ ‘ಪೂರ್ಣ’ ಎಂಬ ಪದವನ್ನು ಎರಡು ಸಲ ಓದಿ. ಒಂದು ಕಾಗದ ಕಡಿಮೆ ಬಿದ್ದರೂ ದಿನದ ಲೆಕ್ಕ ಶುರುವಾಗುವುದಿಲ್ಲ.

ಕೊನೆಯ ಸಹಿ ಬೆಂಗಳೂರಲ್ಲೋ ದಿಲ್ಲಿಯಲ್ಲೋ ಎಂಬುದು ವಲಯ ಮತ್ತು ಕಾಮಗಾರಿಯ ಮೇಲೆ ಹೋಗುತ್ತದೆ. ಅಧಿಸೂಚನೆಗೆ ತಿದ್ದುಪಡಿಗಳು ಬರುತ್ತಲೇ ಇರುವುದರಿಂದ, ಅರ್ಜಿ ಹಾಕುವ ದಿನ ಯಾವುದು ಜಾರಿಯಲ್ಲಿದೆ ಎಂದು ಪ್ರಾದೇಶಿಕ ಕಚೇರಿಯಲ್ಲೇ ಕೇಳಿಕೊಳ್ಳಿ.

ಪಂಚಾಯಿತಿ ಲೈಸನ್ಸ್ ಸಾಕಲ್ಲ?

ಸಾಲದು. ಕೊಚ್ಚಿಯ ಮರಡಿನಲ್ಲಿ ಹಿನ್ನೀರ ದಂಡೆಯ ನಾಲ್ಕು ಬಹುಮಹಡಿ ವಸತಿ ಸಮುಚ್ಚಯಗಳಿಗೆ ಪಂಚಾಯಿತಿಯ ಕಟ್ಟಡ ಪರವಾನಗಿ ಇತ್ತು, ಕರಾವಳಿ ಪ್ರಾಧಿಕಾರದ ಒಪ್ಪಿಗೆ ಇರಲಿಲ್ಲ. 2019ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂತು. 2020ರ ಜನವರಿ 11 ಮತ್ತು 12ರಂದು ಅವನ್ನು ಸ್ಫೋಟಿಸಿ ಕೆಡವಿದ್ದನ್ನು ನಾವೆಲ್ಲ ಟಿ.ವಿ.ಯಲ್ಲಿ ಕೂತು ನೋಡಿದ್ದೇವೆ.

ಗೋಡೆ ಕಟ್ಟುವವರಿಗೆ

ಮಳೆಗಾಲದಲ್ಲಿ ತೆಂಗಿನ ಮರ ಒಂದೊಂದಾಗಿ ಕಡಲಿಗೆ ಬೀಳುವುದನ್ನು ನೋಡುತ್ತ ಸುಮ್ಮನಿರಿ ಎನ್ನುವುದು ಸುಲಭವಲ್ಲ. ಆದರೂ ಸ್ವಂತ ಖರ್ಚಿನಲ್ಲಿ ಕಲ್ಲುಗೋಡೆ ಹಾಕುವ ಮೊದಲು ಗೋಡೆಯ ಎರಡು ತುದಿಗಳನ್ನು ನೋಡಿ. ಗೋಡೆಗೆ ಬಡಿದ ಅಲೆ ತನ್ನ ಬಲವನ್ನು ಬುಡದ ಮರಳಿನ ಮೇಲೆ ಮತ್ತು ಗೋಡೆ ಮುಗಿಯುವ ಜಾಗದ ಮೇಲೆ ತೀರಿಸಿಕೊಳ್ಳುತ್ತದೆ. ಮುಂದಿನ ಮಳೆಗಾಲಕ್ಕೆ ಪಕ್ಕದ ಮನೆಯ ಅಂಗಳ ಹೋಗುತ್ತದೆ, ಗೋಡೆಯ ಕಲ್ಲು ಒಂದೊಂದೇ ಕುಸಿಯುತ್ತದೆ. ಉಳ್ಳಾಲದಲ್ಲಿ ಸರ್ಕಾರವೇ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ, ದಂಡೆಯಲ್ಲಿ ಕಲ್ಲು ಸುರಿಯುವುದಷ್ಟಕ್ಕೇ ನಿಲ್ಲದೆ ಕಡಲೊಳಗೆ ನೀರಿನಡಿಯ ತಡೆದಿಬ್ಬ ಕಟ್ಟಿದ್ದು ಅಲೆಯ ಬಲವನ್ನು ದಂಡೆಗೆ ಬರುವ ಮುನ್ನವೇ ಕುಗ್ಗಿಸಲಿಕ್ಕೆ. ಒಬ್ಬೊಬ್ಬರು ತಮ್ಮ ಕಾಂಪೌಂಡಿನಷ್ಟಕ್ಕೆ ಮಾಡಿಕೊಳ್ಳುವ ಕೆಲಸ ಇದಲ್ಲ. ನಾಲ್ಕಾರು ಮನೆಯವರು ಸೇರಿ, ಪಂಚಾಯಿತಿ ಮೂಲಕ ಬಂದರು ಇಲಾಖೆಗೆ ಮನವಿ ಕೊಡುವುದೇ ದಾರಿ. ಸಿಆರ್‌ಝೆಡ್ ಒಪ್ಪಿಗೆ ಪಡೆಯುವ ಹೊಣೆಯೂ ಆಗ ಇಲಾಖೆಯದ್ದೇ ಆಗುತ್ತದೆ.

ಒಪ್ಪಿಗೆ ಸಿಕ್ಕ ಮೇಲೆ

ಒಪ್ಪಿಗೆಯ ಅವಧಿ ಏಳು ವರ್ಷ. ಹೆಚ್ಚೆಂದರೆ ಇನ್ನೂ ಮೂರು ವರ್ಷ ವಿಸ್ತರಿಸಬಹುದು. ನೀರಿಗೆ ಕಂಬ ಇಳಿಸುವ ಕೆಲಸವನ್ನು ದೀಪಾವಳಿ ಕಳೆದ ಮೇಲೆ ಶುರು ಮಾಡಿ ಮೇ ಮಧ್ಯದೊಳಗೆ ಮುಗಿಸಿಕೊಳ್ಳಿ. ಮಳೆಗಾಲದ ಹೊಳೆಯ ಸೆಳೆತಕ್ಕೆ ಅರ್ಧ ನಿಂತ ಕಂಬ ಉಳಿಯುವುದಿಲ್ಲ. ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 31ಕ್ಕೆ ಷರತ್ತುಪಾಲನೆಯ ವರದಿ ಸಲ್ಲಿಸಬೇಕು. ಜೆಟ್ಟಿಯ ಎರಡೂ ಬದಿಯ ದಂಡೆಯ ಫೋಟೊವನ್ನು ಒಂದೇ ಜಾಗದಲ್ಲಿ ನಿಂತು, ಒಂದೇ ಉಬ್ಬರದ ಹೊತ್ತಿಗೆ ತೆಗೆದು ವರದಿಗೆ ಲಗತ್ತಿಸಿ. ನಾಳೆ ನೆರೆಯವರು ‘ನಿಮ್ಮಿಂದಲೇ ನಮ್ಮ ದಂಡೆ ಕೊರೆಯಿತು’ ಎಂದರೆ ತೋರಿಸಲು ಅದೊಂದೇ ಆಧಾರ. ತಪ್ಪಿದರೆ ಬೀಳುವ ದಂಡ ಸಣ್ಣದಲ್ಲ. ಪರಿಸರ ಸಂರಕ್ಷಣಾ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿಯಂತೆ ಅದು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗೆ ಹೋಗಬಹುದು.

ನಮ್ಮ ಪರಿಚಯದವರ ಕಲ್ಲಿನ ಕಥೆ ಕೇಳಿದಿರಾದರೆ, ಇಳಿತದ ಹೊತ್ತು ಕಾದು, ನಾಲ್ಕು ಆಳು ಹಿಡಿದು, ಎಂಟು ದಿನ ಅವನ್ನು ಎತ್ತಿಸಿದರು. ಹಾಕಿಸಿದ್ದಕ್ಕಿಂತ ತೆಗೆಸಿದ್ದಕ್ಕೇ ಹೆಚ್ಚು ಖರ್ಚಾಯಿತು. ಈಗ ಅವರ ಅತಿಥಿಗಳು ಅರ್ಧ ಕಿಲೋಮೀಟರ್ ನಡೆದು ಹಳೆಯ ಕಡವಿನಲ್ಲಿ ದೋಣಿ ಹತ್ತುತ್ತಾರೆ. ಜೆಟ್ಟಿಯ ಅರ್ಜಿ ಇನ್ನೂ ಹಾಕಿಲ್ಲ. ಕಳೆದ ಹುಣ್ಣಿಮೆಗೆ ದಂಡೆಯಲ್ಲಿ ಗೂಟ ಹೊಡೆದದ್ದು ನೋಡಿದೆ.