ಹೊಸಬರಿಗೆ ಮಾರ್ಗದರ್ಶಿ: ಹಳೆ ಮನೆಯ ಅಗ್ಗಿಷ್ಟಿಕೆ ರಿಪೇರಿ

ವಿಜಯಪುರ, ಬಾಗಲಕೋಟೆ ಕಡೆಯಿಂದ ಬೆಳಗಾವಿಗೆ ಬಂದವರಿಗೆ ಇಲ್ಲಿನ ಮಳೆ, ಥಂಡಿ ಎರಡೂ ಹೊಸದು. ಕ್ಯಾಂಪ್ (ದಂಡು ಪ್ರದೇಶ) ಕಡೆ ಹಳೆ ಬಂಗಲೆ ಬಾಡಿಗೆಗೆ ಸಿಕ್ಕರೆ ಗೋಡೆಯಲ್ಲಿ ಅಗ್ಗಿಷ್ಟಿಕೆಯೂ ಇರಬಹುದು. ಊರಲ್ಲಿ ಒಲೆ ಬಿರುಕು ಬಿಟ್ಟರೆ ಮಣ್ಣು, ಸಗಣಿ ಕಲಸಿ ಮೆತ್ತುತ್ತಿದ್ದೆವು, ಅಲ್ವಾ? ಇಲ್ಲಿ ಆ ರೂಢಿ ಬಿಡಿ. ರಿಪೇರಿಗೆ ಕೈ ಹಾಕುವ ಮುಂಚೆ ಮಾಲೀಕರಿಗೆ ತಿಳಿಸಿ.

ಎಲ್ಲ ಪೂರ್ತಿ ತಣ್ಣಗಾದ ಮೇಲೆ ತಂತಿ ಬ್ರಷ್‌ನಿಂದ ಮಸಿ ತೆಗೆಯಿರಿ. ಮಾಸ್ಕ್ ಹಾಕಿಕೊಳ್ಳಿ. ಆಮೇಲೆ ಬೀಗದ ಕೈಯಿಂದ ಇಟ್ಟಂಗಿ ಸಂದು ಕೆರೆದು ನೋಡಿ. ಉಸುಕು ಪುಡಿಪುಡಿಯಾಗಿ ಉದುರಿದರೆ ಗಾರೆಯ ಕಸುವು ಹೋಗಿದೆ ಎಂದರ್ಥ. ಇಟ್ಟಂಗಿಯ ಮುಖ ಹಪ್ಪಳದಂತೆ ಎದ್ದಿದ್ದರೆ ಆ ಇಟ್ಟಂಗಿಯನ್ನೇ ಬದಲಿಸಿ.

ಒಳಗಡೆಗೆ ಸಾದಾ ಸಿಮೆಂಟ್ ಬೇಡವೇ ಬೇಡ. ಎಷ್ಟು ಸಲ ಹೇಳಿದರೂ ನಮ್ಮ ಜನ ಕೇಳುವುದಿಲ್ಲ. ನಮ್ಮ ಮನೆಗೆ ಬಂದ ಗೌಂಡಿ ಇದನ್ನೇ ಮೆತ್ತಿ ದುಡ್ಡು ತಗೊಂಡು ಹೋದ. ಆ ಚಳಿಗಾಲದಲ್ಲೇ ಅದು ಚಕ್ಕೆ ಎದ್ದು ಬೂದಿಗೆ ಬಿತ್ತು, ಹಿಂದಿನ ಇಟ್ಟಂಗಿ ಅಲುಗಾಡತೊಡಗಿತು. ಗಟ್ಟಿಯಾದ ಸಿಮೆಂಟಿನೊಳಗೆ ನೀರಿನ ಅಂಶ ಸೇರಿಕೊಂಡಿರುತ್ತದೆ. ಜೋರು ಬೆಂಕಿಗೆ ಅದು ಹೊರಟುಹೋದರೆ ಸಿಮೆಂಟ್ ಕುಗ್ಗಿ ಸೀಳುತ್ತದೆ. ಫೈರ್ ಬ್ರಿಕ್ (ಬೆಂಕಿ ತಾಳುವ ಇಟ್ಟಂಗಿ), ರಿಫ್ರ್ಯಾಕ್ಟರಿ ಮಾರ್ಟರ್ (ಬೆಂಕಿ ತಾಳುವ ಗಾರೆ) ತನ್ನಿ. ಬೆಳಗಾವಿ ಫೌಂಡ್ರಿಗಳ, ಅಂದರೆ ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಗಳ ಊರು, ಅದು ನಮ್ಮ ಹೆಮ್ಮೆ. ಉದ್ಯಮಬಾಗ್ ಕಡೆ ಫೌಂಡ್ರಿ ಸಾಮಾನಿನ ಅಂಗಡಿಗಳಲ್ಲಿ ವಿಚಾರಿಸಿ. ಸಂಕೋಚ ಯಾಕೆ, ಕನ್ನಡದಲ್ಲೇ ಕೇಳಿ. ಆದರೆ ‘ಏರ್ ಸೆಟ್ಟಿಂಗ್’ (ಗಾಳಿಗೇ ಒಣಗಿ ಗಟ್ಟಿಯಾಗುವ) ಮಾರ್ಟರ್ ಬೇಕು ಎಂದು ಒತ್ತಿ ಹೇಳಿ. ಭಟ್ಟಿಯ ಕಾವಿಗೆ ಮಾತ್ರ ಗಟ್ಟಿಯಾಗುವ ಮಾರ್ಟರ್ ಮನೆಯ ಬೆಂಕಿಗೆ ಕೂಡಿಕೊಳ್ಳುವುದಿಲ್ಲ, ಸುಮ್ನೆ ಉದುರುತ್ತದೆ.

ಸಡಿಲ ಗಾರೆಯನ್ನು ಅರ್ಧ ಇಂಚು ಆಳದವರೆಗೆ ಉಳಿಯಿಂದ ಮೆಲ್ಲಗೆ ಕೆತ್ತಿ. ಧೂಳು ತೆಗೆದು, ಸಂದಿಗೆ ಸ್ವಲ್ಪ ನೀರು ಚಿಮುಕಿಸಿ. ಮಾರ್ಟರನ್ನು ಕರಣೆಯಿಂದ ಒಳಗೆ ಒತ್ತಿ ತುಂಬಿ, ಮೇಲೆ ಬಳಿದು ಬಿಡಬೇಡಿ. ಹೊಸ ಇಟ್ಟಂಗಿ ಇಡುವಾಗ ಸಂದು ತೆಳ್ಳಗಿದ್ದಷ್ಟೂ ಒಳ್ಳೆಯದು. ಪ್ಯಾಕೆಟ್‌ ಮೇಲೆ ಬರೆದಷ್ಟು ದಿನ ಒಣಗಲು ಬಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸ ಹಿಡಿಯಬೇಡಿ, ಇಲ್ಲಿನ ಮಳೆಯಲ್ಲಿ ಏನೂ ಒಣಗುವುದಿಲ್ಲ. ಮೊದಮೊದಲು ಸಣ್ಣ ಬೆಂಕಿ ಮಾತ್ರ. ಒಮ್ಮೆಲೇ ದೊಡ್ಡ ಬೆಂಕಿ ಹಾಕಿದರೆ ಒಳಗಿನ ಹಸಿ ಆವಿಯಾಗಿ ಹೊಸ ಸಂದನ್ನೇ ಒಡೆಯುತ್ತದೆ.

ಚಿಮಣಿ: ಗೂಡು, ಕಸ, ಮಸಿ ಕಟ್ಟಿದೆಯಾ ನೋಡಿ. ಮಳೆ ನೀರು ಬಾರದಂತೆ ಮೇಲೆ ಟೋಪಿ ಹಾಕಿಸಿ.

ಥಂಡಿ ಅಂತ ಕಿಟಕಿ, ಬಾಗಿಲು ಎಲ್ಲ ಮುಚ್ಚಿ ಕೆಂಡದ ಪಕ್ಕ ಮಲಗುವವರು ನಮ್ಮಲ್ಲಿ ಜಾಸ್ತಿ. ದಯವಿಟ್ಟು ಬೇಡ. ಕೆಂಡದಿಂದ ಬರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ ಬಂದರೆ ಮಕ್ಕಳು, ಹಿರಿಯರು ಎಲ್ಲರನ್ನೂ ತಕ್ಷಣ ಹೊರಗೆ ಕರಕೊಂಡು ಬಂದು 108ಕ್ಕೆ ಫೋನ್ ಮಾಡಿ.